ಎಡೆ ಇಟ್ಟ ಜಾಗ

ಪಿಕಾಸಿ ಯಾವುದಕ್ಕೋ ತಾಗಿ ಟೊಳ್ಳು ಸದ್ದು ಬಂತು. ಅವ್ವನ ಎಲುಬೇ ಸಿಕ್ಕಿತೆಂದು ಚಿಕ್ಕಮಾದು ಪಿಕಾಸಿ ಪಕ್ಕಕ್ಕಿಟ್ಟ.

ಅವ್ವನನ್ನು ಹೂಳಿದ್ದ ಸ್ಮಶಾನದ ಈ ಮೂಲೆಯನ್ನು ಶಾಲೆಗೆ ಬಿಟ್ಟುಕೊಟ್ಟನೆಂದು ಕೇರಿಯವರು ಅವನೊಂದಿಗೆ ಮಾತು ಬಿಟ್ಟಿದ್ದರು. ಅವನಾದರೂ ಏನು ಮಾಡಿಯಾನು? ಮಗಳು ಕವನ ಏಳನೇ ಕ್ಲಾಸು ಮುಗಿಸಿದ್ದಳು. ಊರಿಗೆ ಮಂಜೂರಾದ ಹೈಸ್ಕೂಲಿಗೆ ಈ ವರ್ಷ ಪಾಯ ಬೀಳದಿದ್ದರೆ ಅದು ಬೇರೆ ಊರಿನ ಪಾಲು, ಹುಡುಗಿ ಕಬ್ಬಿನ ಗದ್ದೆಯ ಪಾಲು. ಕಟ್ಟಲು ಜಾಗವೆಂದು ಹಳೆಯ ಶಾಲೆಯ ಹಿಂದೆ ಇದ್ದದ್ದು ಎರಡು ಸ್ಮಶಾನ, ನಡುವೆ ಮುಳ್ಳುಬೇಲಿ. ಆಚೆ ಲಿಂಗಾಯತರದ್ದು, ಈಚೆ ಕೇರಿಯವರದ್ದು. "ನಮ್ಮ ಇರೀಕರ ಮುಟ್ಟಂಗಿಲ್ಲ. ಬೇಕಾದ್ರೆ ಆ ಕಡೆ ಅಗ್ಸಿ" ಎಂದು ಊರ ಹಿರಿಯ ಶಿವಮಲ್ಲಪ್ಪನವರು ಹೇಳಿಬಿಟ್ಟಿದ್ದರು. ದೊಡ್ಡವರ ಧಾರಾಳತನ ಯಾವಾಗಲೂ ಬೇರೆಯವರ ಜಾಗದಲ್ಲೇ! ಅವ್ವನಿಗೆ ಇನ್ನೊಬ್ಬರ ಪಿಕಾಸಿ ತಾಗುವುದು ಬೇಡವೆಂದು ಚಿಕ್ಕಮಾದು ತಾನೇ ಅಗೆಯಲು ಇಳಿದಿದ್ದ.

ಬೆರಳಿನಿಂದ ಮಣ್ಣು ಸರಿಸಿದ. ಬುರುಡೆ. ಅದರಡಿ ಕತ್ತಿನ ಎಲುಬು ನೆಟ್ಟಗೆ ಕೆಳಕ್ಕಿಳಿದಿತ್ತು. ಸುತ್ತಲೂ ವಿಭೂತಿ ಗಟ್ಟಿಗಳು. ಕೇರಿಯಲ್ಲಿ ಸತ್ತವರನ್ನು ಮಲಗಿಸಿ ಹೂಳುತ್ತಾರೆ. ಕೂರಿಸಿ, ವಿಭೂತಿ ಇಟ್ಟು ಮಣ್ಣು ಮಾಡುವವರು ಬೇಲಿಯ ಆಚೆಯವರು.

ಅವ್ವ ಹೋದ ಮಾರನೆಯ ವರ್ಷ ಕಪಿಲೆ ಉಕ್ಕಿ ಎರಡೂ ಸ್ಮಶಾನ ಮರಳಿನಡಿ ಸಮವಾಗಿದ್ದವು. ನೀರಿಳಿದ ಮೇಲೆ ಹಿರಿಯರು ಅಂದಾಜಿನಲ್ಲಿ ಬೇಲಿ ಹಾಕಿದರು. ಅವರವರ ಸಮಾಧಿಯನ್ನು ಅವರವರು ಅಂದಾಜಿನಲ್ಲೇ ಹಿಡಿದರು.

ಶಿವಮಲ್ಲಪ್ಪನವರು ಕೊಡೆ ಊರಿಕೊಂಡು ಬಂದು ಬಗ್ಗಿ ನೋಡಿದರು. "ನಿಲ್ಸಲಾ! ಮುಚ್ಚು ಗುಂಡಿಯ. ಇಲ್ಲಿ ಸ್ಕೂಲು ಬ್ಯಾಡ."

ಚಿಕ್ಕಮಾದುವಿಗೆ ಸಿಟ್ಟು ನೆತ್ತಿಗೇರಿತು. ಅವ್ವನಾದರೆ ಅಗೆಯಬಹುದಿತ್ತು, ಇವರ ಹಿರೀಕರಾದರೆ ಮುಚ್ಚಬೇಕು! ಆಮೇಲೆ ಇನ್ನೊಂದು ಹೊಳೆಯಿತು.

"ಬುದ್ಧಿ, ವರ್ಸಾ ವರ್ಸಾ ಇಲ್ಲೇ ಎಡೆ ಇಕ್ಕಿವ್ನಿ. ನಮ್ಮವ್ವಂಗೆ ಪಿರೀತಿ ಅಂತ ಮುದ್ದೆ, ಮೀನುಸಾರು. ಎಲ್ಲಾ ಇವ್ರ ತಲೆ ಮೇಲೇ ಆಯ್ತಲ್ಲ. ಅಂಗಾದ್ರೆ ನಮ್ಮವ್ವ ಎಲ್ಲವ್ಳೆ?"

ಶಿವಮಲ್ಲಪ್ಪನವರ ಕಣ್ಣು ಬೇಲಿಯಾಚೆ ಹೋಯಿತು. ಅಲ್ಲಿ ಅವರು, ನೆರೆಗೆ ಮೊದಲೇ ತೀರಿಕೊಂಡಿದ್ದ ತಂದೆಗೆಂದು, ನೀರಿಳಿದ ಮೇಲೆ ಕಟ್ಟಿಸಿದ ಸಿಮೆಂಟಿನ ಗದ್ದುಗೆ. ಸೋಮವಾರ ಅಡ್ಡಬಿದ್ದು ಏರಿಸಿದ ಬಿಲ್ವಪತ್ರೆ ಅದರ ಮೇಲೆ ಇನ್ನೂ ಹಸಿರಾಗಿತ್ತು.

"ಆ ಗದ್ದುಗೆ ಅಡೀಲಿ ಅಗ್ದು ನೋಡಾದಾ, ಬುದ್ಧಿ?" ಅವರೆದುರು ಚಿಕ್ಕಮಾದುವಿನ ದನಿ ನಡುಗದಿದ್ದದ್ದು ಅದೇ ಮೊದಲು.

"ಬ್ಯಾಡ. ಅಲ್ಲಿ ಯಾರವ್ರೋ, ಇಲ್ಲಿ ಯಾರವ್ರೋ."

ಆಮೇಲೆ ಅವರು ಚಪ್ಪಲಿ ಕಳಚಿ ಗುಂಡಿಗಿಳಿದರು. ಹೆಗಲ ಮೇಲಿನ ಶಲ್ಯ ತೆಗೆದು ಮಣ್ಣಿನ ಮೇಲೆ ಹಾಸಿದರು. "ನಿಧಾನವಾಗಿ ಎತ್ತು ಮಾದು. ಬೇಲಿ ಪಕ್ಕ ಕೂರ್ಸನ. ಆಮ್ಯಾಲೆ ಪಾಯ ತೋಡು."

ಮುಂದಿನ ಸೋಮವಾರ ಪಾಯಕ್ಕೆ ಕಲ್ಲು ಹೊರುತ್ತಿದ್ದ ಚಿಕ್ಕಮಾದು ಬೇಲಿಯ ಕಡೆ ತಿರುಗಿ ನೋಡಿದ. ಬೆಳಿಗ್ಗೆಯೇ ಅವನು ಬೇಲಿ ದಾಟಿ ಹೋಗಿ ಗದ್ದುಗೆಯ ಬುಡದಲ್ಲಿ ಮುತ್ತುಗದೆಲೆಯ ಮೇಲೆ ಮುದ್ದೆ, ಮೀನುಸಾರು ಇಟ್ಟು ಬಂದಿದ್ದ. ಶಿವಮಲ್ಲಪ್ಪನವರು ಬಿಲ್ವಪತ್ರೆ ಹಿಡಿದು ಎಲೆಯ ಮುಂದೆ ನಿಂತಿದ್ದರು. ಚಿಕ್ಕಮಾದು ಹೊತ್ತ ಕಲ್ಲನ್ನು ಇಳಿಸದೆ ಕಾದ. ನಾಯಿಯೊಂದು ಮೂಸಲು ಬಂತು. ಅವರು ಕೊಡೆ ಬೀಸಿ ಅದನ್ನು ಓಡಿಸಿದರು. ಆಮೇಲೆ ಕಾಗೆ ಇಳಿಯಲೆಂದು ಬೇಲಿಯತ್ತ ಹಿಂದೆ ಸರಿದು ನಿಂತರು.