ಆದರ್ಶ ಪತ್ನಿಯ ಮೌನ

ಗಂಡನಿಗೆ ಬಡ್ತಿ ಸಿಕ್ಕಾಗಲೆಲ್ಲ ಅವಳನ್ನು ಕರೆಯುವ ರೀತಿಯೂ ಬದಲಾಗುತ್ತಿತ್ತು. ಮೊದಲು ಕ್ಯಾಪ್ಟನ್ ಹೆಂಡತಿ, ಆಮೇಲೆ ಮೇಜರ್ ಮೇಡಂ, ಕೊನೆಗೆ ಎಲ್ಲರ ಬಾಯಲ್ಲೂ ಕರ್ನಲಮ್ಮ. ಸಾಹೇಬರು ತೀರಿಕೊಂಡು ಹದಿನೆಂಟು ವರ್ಷವಾದರೂ ಆ ಹುದ್ದೆಯಿಂದ ಅವಳಿಗೆ ನಿವೃತ್ತಿ ಸಿಕ್ಕಿರಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಇಪ್ಪತ್ತೆರಡು ಮನೆ. ವರ್ಗದ ಆದೇಶ ಬಂದ ತಕ್ಷಣ ಸಾಹೇಬರು ಒಂದು ಸೂಟ್‌ಕೇಸ್ ಹಿಡಿದು ಹೊರಟುಬಿಡುತ್ತಿದ್ದರು. ಮೂರು ಮಕ್ಕಳು, ಹದಿನಾಲ್ಕು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ ಕಟ್ಟಿಕೊಂಡು ಅವಳು ಹಿಂದಿನಿಂದ ಬರಬೇಕು. "ಮನೆ ಬದಲಾಯಿಸೋದಾ? ನಮಗೆ ನೀರು ಕುಡಿದಷ್ಟು ಸಲೀಸು" ಎಂದು ಸಾಹೇಬರು ಹೊಸ ಊರಿನವರ ಮುಂದೆ ಹೇಳುತ್ತಿದ್ದರು. ಆ ವಾರವೆಲ್ಲ ಅವಳಿಗೆ ನೀರು ಕುಡಿಯಲೂ ಪುರುಸೊತ್ತಿರುತ್ತಿರಲಿಲ್ಲ.

ಕ್ವಾರ್ಟರ್ಸ್ ಬಿಡುವ ದಿನ ಹಾಳಾದದ್ದಕ್ಕೆಲ್ಲ ದಂಡ ಹಾಕಲು ಗುಮಾಸ್ತ ಪಟ್ಟಿ ಹಿಡಿದು ಬರುತ್ತಿದ್ದ. ಬಲ್ಬು, ನಲ್ಲಿ, ಕಿಟಕಿ ಗಾಜು, ಗೋಡೆಯ ಮೊಳೆ ತೂತು, ಒಂದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ಗೋಡೆ ಮೂಸಿ ನೋಡಿದ.

"ಏನ್ ಮೇಡಂ, ಗೋಡೆ ಪುದೀನ ವಾಸನೆ ಹೊಡೀತಿದೆ?"

"ನಮ್ಮ ಮಕ್ಕಳು ಆ ಕಡೆ ತಿರುಗಿಯೇ ಹಲ್ಲುಜ್ಜೋದು" ಅಂದಳು. ಬೆಳಿಗ್ಗೆಯಷ್ಟೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂತುಗಳಿಗೆಲ್ಲ ಟೂತ್‌ಪೇಸ್ಟ್ ಮೆತ್ತಿಸಿದ್ದಳು. ಗುಮಾಸ್ತ ನಗು ತಡೆದುಕೊಂಡು ಸಹಿ ಹಾಕಿದ.

ಮೂರು ಹೆರಿಗೆಗೂ ಸಾಹೇಬರು ಊರಲ್ಲಿರಲಿಲ್ಲ. ದೊಡ್ಡ ಮಗ ಹುಟ್ಟಿದಾಗ ಅವರಿಂದ ತಂತಿ ಬಂತು: "ಸಂತೋಷ. ಮಗುವಿನ ತೂಕ ಕೂಡಲೇ ವರದಿ ಮಾಡು." ಅವಳು ಮರುತಂತಿ ಕೊಟ್ಟಳು: "ಮೂರು ಕಿಲೋ. ಶಿಸ್ತು ಸಾಲದು."

ಯುದ್ಧ ಬಂದ ವರ್ಷ ಮಾತ್ರ ಅವಳ ತಮಾಷೆ ನಿಂತುಹೋಯಿತು. ಐದು ತಿಂಗಳು ಕಾಗದವಿಲ್ಲ. ಸಾವಿನ ಸುದ್ದಿ ತರುವ ಜೀಪಿನ ಸದ್ದಾದರೆ ಸಾಕು, ಹೆಂಗಸರೆಲ್ಲ ಕಿಟಕಿಗೆ ಅಂಟಿಕೊಳ್ಳುತ್ತಿದ್ದರು. ಒಂದು ದಿನ ಅದು ಪಕ್ಕದ ಮನೆಯ ಮುಂದೆ ನಿಂತಿತು. ಆ ಮನೆಯ ಹುಡುಗಿಗೆ ಇಪ್ಪತ್ತಮೂರು ವರ್ಷ, ತುಂಬು ಬಸುರಿ. ಅವಳನ್ನು ಕೈಹಿಡಿದು ತನ್ನ ಮನೆಗೆ ಕರೆತಂದವಳು, ಬಾಣಂತನ ಮುಗಿಸಿ, ಕೂಸಿಗೆ ಆರು ತಿಂಗಳು ತುಂಬುವವರೆಗೆ ಮಗಳಂತೆ ಇಟ್ಟುಕೊಂಡಳು. ಸಾಹೇಬರು ಪದಕದೊಂದಿಗೆ ವಾಪಸಾದರು. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಅವಳ ಮೊಣಕೈ ಮಾತ್ರ ಬಿದ್ದಿತ್ತು.

ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಸೈನಿಕ ಪತ್ನಿಯರ ಸಂಘದವರು ಅವಳನ್ನು 'ಆದರ್ಶ ಪತ್ನಿ' ಎಂದು ಸನ್ಮಾನಿಸಿದರು. ಸಂಘದ ಅಧ್ಯಕ್ಷೆ, ಜನರಲ್ ಸಾಹೇಬರ ಹೆಂಡತಿ, ಹನ್ನೆರಡು ನಿಮಿಷ ಅಭಿನಂದನಾ ಪತ್ರ ಓದಿದಳು. ಕರ್ನಲ್ಲರ ಶೌರ್ಯ, ಕರ್ನಲ್ಲರ ಶಿಸ್ತು, ಕರ್ನಲ್ಲರ ಕುದುರೆ ಸವಾರಿ. ಕೊನೆಗೆ ಒಂದು ಸಾಲು: "ಶ್ರೀಮತಿಯವರು ಸದಾ ಮೌನವಾಗಿ ಜೊತೆಗಿದ್ದರು."

ಮೊದಲ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದ ದೊಡ್ಡ ಮಗ, ಈಗ ಬ್ರಿಗೇಡಿಯರ್, ತಾಯಿಯ ಕಿವಿಯಲ್ಲಿ ಉಸುರಿದ: "ಅಮ್ಮಾ, ಥ್ಯಾಂಕ್ಸ್ ಅಂತಷ್ಟೇ ಹೇಳಿ ಬಂದ್ಬಿಡು. ನನ್ನ ಬಡ್ತಿ ಫೈಲು ಜನರಲ್ ಮೇಜಿನ ಮೇಲಿದೆ."

ಅವಳು ವೇದಿಕೆ ಹತ್ತಿ, ಪತ್ರ ಕೈಗೆ ಬಂದ ಮೇಲೆ ಮೈಕ್ ಹಿಡಿದಳು. "ನಮ್ಮೆಜಮಾನರ ಬಗ್ಗೆ ಓದಿದ್ದೆಲ್ಲ ನಿಜ. ಕುದುರೆಯಿಂದ ಎರಡು ಸಲ ಬಿದ್ದಿದ್ದೊಂದು ಬಿಟ್ಟುಹೋಗಿದೆ, ಪರವಾಗಿಲ್ಲ. ಆದರೆ ಈ ಮೌನದ ಮಾತು ಶುದ್ಧ ಸುಳ್ಳು. ಗುಮಾಸ್ತರ ಹತ್ರ, ಮೇಷ್ಟ್ರ ಹತ್ರ, ಡಾಕ್ಟರ ಹತ್ರ ಗಂಟಲು ಹರಿಯೋ ಹಾಗೆ ಜಗಳ ಆಡಿದೋಳು ನಾನು. ಮೌನವಾಗಿ ಇದ್ದಿದ್ರೆ ಈ ಮಕ್ಕಳು ಓದ್ತಲೂ ಇರಲಿಲ್ಲ, ಬದುಕ್ತಲೂ ಇರಲಿಲ್ಲ. ಆ ಸಾಲು ತಿದ್ದಿ ಕಳಿಸಿ, ಆಮೇಲೆ ತಗೋತೀನಿ." ಪತ್ರವನ್ನು ಮೇಜಿನ ಮೇಲಿಟ್ಟು ಇಳಿದಳು.

ಮಗ ತಲೆಯ ಮೇಲೆ ಕೈಹೊತ್ತು ಕೂತ. ಹಿಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಚಪ್ಪಾಳೆ ತಟ್ಟತೊಡಗಿದರು. ವೇದಿಕೆಯ ಮೇಲೆ ಅಧ್ಯಕ್ಷೆಯೂ ತಟ್ಟಿದಳು; ಹೆಂಡತಿ ತಟ್ಟುವುದನ್ನು ನೋಡಿ ಪಕ್ಕದಲ್ಲಿದ್ದ ಜನರಲ್ ಸಾಹೇಬರೂ ತಟ್ಟಿದರು.

ತಿದ್ದಿದ ಪತ್ರವನ್ನು ಅಧ್ಯಕ್ಷೆಯೇ ಮನೆಗೆ ತಂದುಕೊಟ್ಟಳು. ಚಹಾ ಕುಡಿದಳು, ಗಂಡನ ಮೇಲಿನ ದೂರನ್ನೆಲ್ಲ ಎರಡು ಗಂಟೆ ಹೇಳಿಕೊಂಡಳು, ಆಮೇಲೆ ಪ್ರತಿ ಭಾನುವಾರ ಬರತೊಡಗಿದಳು. ಮೂರು ತಿಂಗಳಲ್ಲಿ ಮಗನಿಗೆ ಬಡ್ತಿಯೂ ಬಂತು.

"ನೋಡಿದ್ಯಾ ಅಮ್ಮಾ, ನೀನು ಏನೇ ಎಡವಟ್ಟು ಮಾಡಿದ್ರೂ ನನ್ನ ಯೋಗ್ಯತೆ ಕೈಬಿಡಲಿಲ್ಲ" ಎಂದು ಮಗ ಮೀಸೆ ತಿರುವಿದ.

"ಹೌದಪ್ಪಾ, ನಿನ್ನ ಯೋಗ್ಯತೆ ನನಗೆ ಗೊತ್ತಿಲ್ವಾ" ಎಂದು ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.