ಜಗಲಿ ಕೆಳಗಿನ ಕಲ್ಲು

ಕಿವಿ ಚುಚ್ಚುವುದರಲ್ಲಿ ನಮ್ಮೂರು ಚಿನಕುರಳಿಯಲ್ಲಿ ನಮ್ಮಪ್ಪ ನಾಗರಾಜಾಚಾರಿಯನ್ನು ಮೀರಿಸುವವರಿಲ್ಲ. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಎರಡೂ ಕಿವಿಯಲ್ಲಿ ಚಿನ್ನದ ತಂತಿ ಕೂತಿರುತ್ತದೆ. ನಮ್ಮ ಅಕ್ಕಸಾಲಿ ಅಂಗಡಿಯೊಳಗೆ ಹಲಸಿನ ಮಣೆ, ಮಣೆಯ ಮೇಲೆ ಸೋದರಮಾವ, ಅವನ ತೊಡೆಯ ಮೇಲೆ ಮಗು. ಕೆಲಸ ಮುಗಿದ ಮೇಲೆ ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ ಇಟ್ಟ ತಟ್ಟೆಯನ್ನು ಅಪ್ಪ ಎರಡೂ ಕೈಯಲ್ಲಿ ಈಸಿಕೊಳ್ಳುತ್ತಾರೆ.

ಇದು ಜಮೀನಿದ್ದವರ ಮಕ್ಕಳ ಮಾತಾಯಿತು. ದಲಿತ ಕೇರಿಯ ಮಕ್ಕಳಿಗೆ ತಾತನ ಕಾಲದಲ್ಲಿ ಜಗಲಿಯ ಕೆಳಗಿನ ಕಲ್ಲೇ ಗತಿ. ಚುಚ್ಚಿ ಮುಗಿಸಿ ತಾತ ಸ್ನಾನ ಮಾಡುತ್ತಿದ್ದರಂತೆ. ತಟ್ಟೆಯನ್ನು ನೆಲಕ್ಕಿಡಿಸಿ, ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಸ್ನಾನ ಹೋಯಿತು, ನೀರು ಹೋಯಿತು, ಕಲ್ಲಿನ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂತು. ಒಳಗೆ ಸೆಕೆ, ಹೊರಗೆ ಗಾಳಿ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಆ ಸೆಕೆ ಕೇರಿಯವರಿಗೆ ಮಾತ್ರ ಯಾಕೆ ಎಂದು ನಾನು ಕೇಳಲಿಲ್ಲ. ಬಾಯಿಬಡುಕಿ ವೀಣ ಎಂದು ಊರೆಲ್ಲ ಹೆಸರಾದ ನಾನೇ ಹನ್ನೆರಡು ವರ್ಷ ಆ ಕುರ್ಚಿ ಹೊತ್ತು ಹೊರಗೆ ಹಾಕಿದ್ದೇನೆ. ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಳೆದ ಶ್ರಾವಣದಲ್ಲಿ ಸುನಿತಾ ಮಗಳಿಗೆ ಕಿವಿ ಚುಚ್ಚಿಸಲು ಬಂದಳು. ಕೇರಿಯ ಬೆಟ್ಟಮ್ಮನವರ ಮಗಳು, ನರ್ಸು. ಸಕ್ಕರೆ ಕಾಯಿಲೆಯಲ್ಲಿ ಅಪ್ಪನ ಕಾಲು ಹುಣ್ಣಾದಾಗ ತಿಂಗಳುಗಟ್ಟಲೆ ನಮ್ಮ ಮನೆಗೆ ಬಂದು ಗಾಯ ತೊಳೆದು ಕಟ್ಟು ಕಟ್ಟಿದವಳು. ಅವಳಿಗೆ ಅಣ್ಣತಮ್ಮಂದಿರಿಲ್ಲ. ಮಗುವಿಗೆ ಅಜ್ಜಿಯ ತೊಡೆಯೇ ಆಗಲಿ ಎಂದು ಬೆಟ್ಟಮ್ಮನವರೂ ಬಂದಿದ್ದರು.

ಸುನಿತಾ ಮೆಟ್ಟಿಲು ಹತ್ತಿ ಹಿಂತಿರುಗಿ ನೋಡಿದರೆ, ಬೆಟ್ಟಮ್ಮ ಮಗುವನ್ನು ತೊಡೆಗೆ ಹಾಕಿಕೊಂಡು ಆ ಕಲ್ಲಿನ ಮೇಲೆ ಕೂತಾಗಿತ್ತು. ಅಲ್ಲಿ ಕೂರಿ ಎಂದು ಯಾರೂ ಹೇಳಿರಲಿಲ್ಲ.

ಸುನಿತಾ ದನಿ ಏರಿಸಲಿಲ್ಲ. ಅಪ್ಪನನ್ನೇ ನೋಡುತ್ತಾ ಹೇಳಿದಳು: “ಆಚಾರ್ರೇ, ನನ್ ಮಗಳಿಗೆ ಮಣೆ ಮೇಲೆ ಚುಚ್ಚೋದಾದ್ರೆ ಚುಚ್ಚಿ. ಇಲ್ದಿದ್ರೆ ವಾಪಸ್ ಕರ್ಕೊಂಡೋಯ್ತೀನಿ.”

ಅಪ್ಪ ಗಡಿಬಿಡಿಯಿಂದ ಮಣೆ ಎತ್ತಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಅದನ್ನು ಹೊರಗೆ ತಂದು ಕಲ್ಲಿನ ಪಕ್ಕ ಇಟ್ಟರು. ಮಣೆ ಹೊರಗೆ ಬರಬಹುದಂತೆ, ಬೆಟ್ಟಮ್ಮ ಒಳಗೆ ಬರುವಂತಿಲ್ಲವಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುನಿತಾ ಹೊರಟು ಹೋಗಲು ಮಗುವಿಗೆ ಕೈ ಚಾಚಿದಳು.

“ಅಪ್ಪ, ಮಣೇನ ಈಚೆಗೆ ತರೋದಲ್ಲ. ಅವ್ರನ್ನ ಒಳಿಕ್ಕೆ ಕರಿ,” ಅಂದೆ.

ಅಪ್ಪ ವಾಸಿಯಾದ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಕೈ ಮುಗಿದರು. “ಬೆಟ್ಟಮ್ಮೋರೆ, ನಮ್ಮಪ್ಪ ಮಾಡಿದ್ದು ತಪ್ಪು. ಗಾಳಿ ಬತ್ತದೆ ಅಂತ ನಾನೇಳ್ತಿದ್ದದ್ದು ಸುಳ್ಳು. ಒಳಿಕ್ಕೆ ಬನ್ನಿ.”

ಅರವತ್ತು ವರ್ಷದ ಹಿಂದೆ ತನಗೂ ಇದೇ ಕಲ್ಲಿನ ಮೇಲೆ ಚುಚ್ಚಿದ್ದು, ಇಲ್ಲೇ ಆಗಲಿ ಬಿಡಿ ಸ್ವಾಮಿ ಎಂದರು ಬೆಟ್ಟಮ್ಮ. ಸುನಿತಾ ತಾಯಿಯ ರಟ್ಟೆ ಹಿಡಿದು ಎಬ್ಬಿಸಿದಳು. ನಾನು ಮಣೆ ಎತ್ತಿಕೊಂಡು ಮುಂದೆ ಹೋದೆ. ಬೆಟ್ಟಮ್ಮ ಹೊಸಿಲಲ್ಲಿ ಒಂದು ಗಳಿಗೆ ನಿಂತು, ಬಲಗಾಲಿಟ್ಟು ಒಳಗೆ ಬಂದರು.

ಮಗು ಅತ್ತಿತು, ಬಾಯಿಗೆ ಬೆಲ್ಲ ಬಿದ್ದ ಮೇಲೆ ಸುಮ್ಮನಾಯಿತು. ಅಪ್ಪ ಬೆಟ್ಟಮ್ಮನವರ ಕೈಯಿಂದಲೇ ತಟ್ಟೆ ಈಸಿಕೊಂಡರು. ಎಲ್ಲ ಮುಗಿಯಿತು ಅಂದುಕೊಂಡರೆ ಬೆಟ್ಟಮ್ಮ ಮಣೆ ಬಿಟ್ಟು ಏಳಲೇ ಇಲ್ಲ. ಮಗುವನ್ನು ಸುನಿತಾಳಿಗೆ ಕೊಟ್ಟು, ಕಿವಿಯ ಮೇಲಿನ ನರೆಗೂದಲು ಹಿಂದಕ್ಕೆ ಸರಿಸಿದರು. ಓಲೆಯಿಲ್ಲದ ಬರಿ ಕಿವಿ.

“ನನ್ ಕಿವಿ ತೂತು ಮುಚ್ಕಂಡವೆ. ಇಲ್ಲಿ ಕೂತ್ಕಂಡು ಇನ್ನೊಂದ್ಸಲ ಚುಚ್ಚುಸ್ಕತೀನಿ ಸ್ವಾಮಿ.”

ಅಪ್ಪ ಹೊಸ ತಂತಿ ತೆಗೆದರು. ಎಂದೂ ಇಲ್ಲದಷ್ಟು ನಿಧಾನವಾಗಿ ಎರಡೂ ಕಿವಿ ಚುಚ್ಚಿ, ನೋವಾಯಿತೇ ಎಂದು ಕೇಳಿದರು.

“ಆವತ್ತಿನಷ್ಟಿಲ್ಲ ಕಣಪ್ಪ,” ಅಂದರು ಬೆಟ್ಟಮ್ಮ.