ಸೋಮವಾರದ ದಿಲ್‌ಪಸಂದ್

ಮಿಕ್ಸಿ ರಿಪೇರಿಯಲ್ಲಿ ಸಕ್ಲೇನ್ ಭೀಮೇಶನಿಗಿಂತ ಒಂದು ಕೈ ಕಡಿಮೆಯೇ. ಶಿವಾಜಿನಗರದ ಅಂಗಡಿಯಲ್ಲಿ ಇಬ್ಬರೂ ಹನ್ನೊಂದು ವರ್ಷದಿಂದ ಒಂದೇ ಬೆಂಚಿನ ಮೇಲೆ ಕೂತವರು. ಸಕ್ಲೇನ್ ಮಾಡಿದ ವೈಂಡಿಂಗನ್ನು ಎಷ್ಟೋ ಸಲ ಭೀಮೇಶನೇ ಬಿಚ್ಚಿ ಸುತ್ತಿದ್ದುಂಟು. ಅಂಥವನಿಗೆ ಅದೃಷ್ಟ ಹೀಗೆ ಒಲಿಯಬೇಕೆ? ಭೀಮೇಶನ ಹೊಟ್ಟೆ ಉರಿಯುತ್ತಿದ್ದುದು ಇದಕ್ಕೇ.

ಭಾನುವಾರ ಸಕ್ಲೇನ್ ಕುದುರೆ ಬಾಲಕ್ಕೆ ದುಡ್ಡು ಕಟ್ಟುತ್ತಿದ್ದ. ಬೇಸಿಗೆಯಲ್ಲಿ ಒಮ್ಮೆ ಗೆದ್ದು, ಸೋಮವಾರ ಬೇಕರಿಯಿಂದ ಕೊಬ್ಬರಿ ಹೂರಣದ ಬಿಸಿ ದಿಲ್‌ಪಸಂದ್ ತಂದು ಎಲ್ಲರಿಗೂ ಹಂಚಿದ. ಆಮೇಲೆ ಅದೇ ಪದ್ಧತಿಯಾಯಿತು. "ತಗೋ ಗುರು, ಬಾಯಿ ಸಿಹಿ ಮಾಡ್ಕೋ" ಎನ್ನುತ್ತಿದ್ದನೇ ಹೊರತು ಗೆದ್ದೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ವಿನಯ ಭೀಮೇಶನನ್ನು ಇನ್ನಷ್ಟು ಉರಿಸುತ್ತಿತ್ತು. ಒಂಬತ್ತು ದಿಲ್‌ಪಸಂದ್ ಎಂದರೆ ಒಂಬತ್ತು ಗೆಲುವು ಎಂದು ಅವನ ಲೆಕ್ಕ. ಏನೂ ತಾರದೆ ಸಕ್ಲೇನ್ ಸುಮ್ಮನೆ ಕೂತ ಸೋಮವಾರಗಳನ್ನು ಈ ಮಹಾಶಯ ಎಣಿಸಲೇ ಇಲ್ಲ.

ಕೆ.ಆರ್. ಪುರದ ಮನೆಯಲ್ಲಿ ಭೀಮೇಶನ ಹೆಂಡತಿ ಸುಕನ್ಯ ಸೀರೆಗಳಿಗೆ ಕೈಯಲ್ಲೇ ಫಾಲ್ಸ್ ಹಚ್ಚಿ ಹದಿನಾಲ್ಕು ಸಾವಿರ ಕೂಡಿಟ್ಟಿದ್ದಳು. ಶನಿವಾರ ಅಷ್ಟನ್ನೂ ಗಂಡನ ಕೈಗಿಟ್ಟಳು. "ಸೋಮವಾರ ಬರೋವಾಗ ಪಿಕೋ ಮಿಷನ್ ತಂದ್ಬಿಡ್ರೀ. ಸೂಜಿ ಚುಚ್ಚಿ ಚುಚ್ಚಿ ಬೆರಳೆಲ್ಲ ತೂತಾಗಿದೆ."

ಭಾನುವಾರ ಭೀಮೇಶ ರೇಸಿಗೆ ಹೋದ. ಸಕ್ಲೇನ್‌ನಂಥವನೇ ಗೆಲ್ಲುವಾಗ ತನಗೇನು ಕಷ್ಟ? ಸಿಲ್ವರ್ ಬೆಲ್ ಎಂಬ ಕುದುರೆ ಸತತ ನಾಲ್ಕು ಸಲ ಸೋತಿತ್ತು. ಹಾಗಾದರೆ ಈ ಸಲ ಅದರದೇ ಸರದಿ, ಸೋತು ಸೋತು ಅದಕ್ಕೂ ರೋಷ ಬಂದಿರುತ್ತದೆ ಎಂದುಕೊಂಡು ಹದಿನಾಲ್ಕು ಸಾವಿರವನ್ನೂ ಅದರ ಮೇಲೆ ಕಟ್ಟಿದ. ಕುದುರೆಗೆ ಈ ಲೆಕ್ಕವನ್ನು ಯಾರೂ ಹೇಳಿರಲಿಲ್ಲ. ಅದು ಐದನೇ ಸಲವೂ ಕೊನೆಯಲ್ಲೇ ಬಂತು.

ಹಣ ಹೋದದ್ದಕ್ಕಿಂತ, ಅದು ಸಕ್ಲೇನ್‌ಗೆ ಗೊತ್ತಾದರೆ ಎಂಬ ಸಂಕಟವೇ ದೊಡ್ಡದಾಯಿತು. ಸೋಮವಾರ ಬೆಳಿಗ್ಗೆ ಜೇಬಿನ ಚಿಲ್ಲರೆಯನ್ನೆಲ್ಲ ಬೇಕರಿಗೆ ಸುರಿದು ದಿಲ್‌ಪಸಂದ್ ತಂದ. "ತಗೋ ಮಗಾ, ಬಾಯಿ ಸಿಹಿ ಮಾಡ್ಕೋ" ಎಂದು, ಅವನ ಮುಖ ಬಾಡುವುದನ್ನು ನೋಡಲು ಕಾದು ನಿಂತ.

ಸಕ್ಲೇನ್ ತುಂಡನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ಕೇಳಿದ: "ಎಷ್ಟು ಹೋಯ್ತು?"

"ಹೋಯ್ತು ಅಂದ್ರೆ? ಗೆದ್ದಿದೀನಿ ಕಣೋ!"

"ನಾನೂ ಮೊದಲನೇದನ್ನ ಮಾತ್ರ ಗೆದ್ದು ತಂದಿದ್ದು ಗುರು. ಮಿಕ್ಕ ಎಂಟೂ ಸೋತು ತಂದಿದ್ದು. ತಿನ್ನೋವಾಗ ನೀನು ಹೊಟ್ಟೆ ಉರ್ಕೊಳ್ತಿದ್ದೆ ನೋಡು, ಆ ಮುಖ ನೋಡಿದ್ರೆ ನಂಗೆ ಸೋತಿದ್ದೇ ಮರ್ತೋಗ್ತಿತ್ತು."

ಭೀಮೇಶ ದಿಲ್‌ಪಸಂದ್ ಪೊಟ್ಟಣವನ್ನು ಬೆಂಚಿನ ಮೇಲಿಟ್ಟ. ಇವನ ಎಂಟು ಸೋಲಿಗೂ ಹೊಟ್ಟೆ ಉರಿದುಕೊಳ್ಳಲು ತಾನಿದ್ದೆ. ತನ್ನ ಒಂದೇ ಒಂದು ಸೋಲಿಗೆ ಅಷ್ಟು ಭಾಗ್ಯವೂ ಇಲ್ಲವಲ್ಲ ಎಂದು ಆಗಲೂ ಅವನಿಗೆ ಸಕ್ಲೇನ್ ಮೇಲೆ ಹೊಟ್ಟೆಕಿಚ್ಚೇ ಆಯಿತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಿಷನ್ ತಗೊಂಡ್ರಾ ಎಂದು ಕೇಳಲು ಸುಕನ್ಯ ಫೋನ್ ಮಾಡಿದ್ದಳು.